ಸಂಭವನೀಯತೆ ಮತ್ತು ರೇಖಾತ್ಮಕ ಯೋಜನೆ: ಕಪಿಲಾ ತೀರದ ಲೆಕ್ಕಗಳು

ಎಣಿಸಿ ಮುಗಿಸಬಹುದಾದ ಫಲಿತಗಳು, ಆಯ್ಕೆಗಳು, ನಿರ್ಬಂಧಗಳನ್ನು ಕುರಿತ ಗಣಿತಕ್ಕೆ ಪರಿಮಿತ ಗಣಿತ ಎಂದು ಹೆಸರು. ಕಲನಶಾಸ್ತ್ರದ ಹಂಗಿಲ್ಲದೆ ಕಲಿಯಬಹುದಾದ ಈ ವಿಷಯಗಳನ್ನು ಒಂದೇ ಪಠ್ಯವಾಗಿ ಕಟ್ಟಿಕೊಟ್ಟವರು ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಜಾನ್ ಕೆಮೆನಿ, ಲಾರಿ ಸ್ನೆಲ್ ಮತ್ತು ಜೆರಾಲ್ಡ್ ಥಾಂಪ್ಸನ್. ಅವರ ಪುಸ್ತಕ 1957ರಲ್ಲಿ ಬಂತು. ಸಂಭವನೀಯತೆ ಮತ್ತು ರೇಖಾತ್ಮಕ ಯೋಜನೆ ಈ ಗಣಿತದ ಎರಡು ಮುಖ್ಯ ಭಾಗಗಳು. ಏನಾಗಬಹುದು ಎಂಬುದನ್ನು ಅಳೆಯಲು ಮೊದಲನೆಯದು ಬೇಕು. ಇರುವ ನೆಲ, ನೀರು, ಹಣದೊಳಗೆ ಏನು ಮಾಡಿದರೆ ಒಳಿತು ಎಂದು ತೀರ್ಮಾನಿಸಲು ಎರಡನೆಯದು ಬೇಕು.

ಕರ್ನಾಟಕದ ದ್ವಿತೀಯ ಪಿಯುಸಿ ಗಣಿತದಲ್ಲಿ ಇವೆರಡೂ ಪುಸ್ತಕದ ಕೊನೆಯಲ್ಲಿ ಅಕ್ಕಪಕ್ಕದ ಅಧ್ಯಾಯಗಳಾಗಿ ಬರುತ್ತವೆ. ಸಂಖ್ಯಾಶಾಸ್ತ್ರ ತೆಗೆದುಕೊಂಡವರಿಗೆ ರೇಖಾತ್ಮಕ ಯೋಜನೆಯ ಜತೆಗೆ ಸಾಗಣೆಯ ಲೆಕ್ಕ ಮತ್ತು ಆಟದ ಸಿದ್ಧಾಂತವೂ ಉಂಟು. ವಿದ್ಯಾರ್ಥಿಗಳ ಬಾಯಲ್ಲಿ ರೇಖಾತ್ಮಕ ಯೋಜನೆ ಎಂದರೆ ಎಲ್‌ಪಿಪಿ. ಕೊನೆಯ ಅಧ್ಯಾಯಗಳಾದ್ದರಿಂದ ಪರೀಕ್ಷೆ ಹತ್ತಿರವಾದಾಗ ಅವಸರದಲ್ಲಿ ಮುಗಿದುಹೋಗುತ್ತವೆ. ಮೇಜು ಕುರ್ಚಿ ಮಾಡುವ ಕಾರ್ಖಾನೆ, ಕೆಂಪು ನೀಲಿ ಚೆಂಡುಗಳ ಚೀಲ, ಐವತ್ತೆರಡು ಎಲೆಯ ಇಸ್ಪೀಟು ಕಟ್ಟು: ಉದಾಹರಣೆಗಳು ಇಷ್ಟರಲ್ಲೇ ಸುತ್ತುತ್ತವೆ. 12ನೇ ಶತಮಾನದ ರಾಜಾದಿತ್ಯ ವ್ಯವಹಾರಗಣಿತವನ್ನು ಕನ್ನಡದಲ್ಲೇ ಬರೆದ. ಅಂಥ ಪರಂಪರೆಯ ನಾಡಿನಲ್ಲಿ ಈ ಲೆಕ್ಕಗಳಿಗೆ ಊರಿನ ನೀರು, ನೆಲ, ಬೆಳೆಯ ಸೋಂಕು ತಗುಲದಿರುವುದು ಸರಿಯಲ್ಲ. ಸೂತ್ರಕ್ಕೆ ಅಂಕಿ ತುಂಬಿಸುವುದನ್ನು ಯಾರು ಬೇಕಾದರೂ ಕಲಿಯಬಹುದು. ಆಡುಮಾತಿನಲ್ಲಿರುವ ಒಂದು ಪರಿಸ್ಥಿತಿಯನ್ನು ಲೆಕ್ಕವಾಗಿ ಕಟ್ಟುವುದೇ ಕಷ್ಟದ ಕೆಲಸ, ಅದಕ್ಕೆ ಅಭ್ಯಾಸ ಸಿಗುವುದು ಗೊತ್ತಿರುವ ನೆಲದ ಮೇಲೆ.

ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ವಯನಾಡಿನಲ್ಲಿ ಹುಟ್ಟುವ ಕಪಿಲಾ ನದಿಗೆ, ಎಂದರೆ ಕಬಿನಿಗೆ, ಎಚ್.ಡಿ. ಕೋಟೆ ತಾಲ್ಲೂಕಿನ ಬೀಚನಹಳ್ಳಿಯ ಬಳಿ ಕಟ್ಟಿದ ಅಣೆಕಟ್ಟು 1974ರಲ್ಲಿ ಪೂರ್ಣಗೊಂಡಿತು. ಅದರ ಸಾಮರ್ಥ್ಯ 19.52 ಟಿಎಂಸಿ ಅಡಿ. ಅಲ್ಲಿಂದ ಇಳಿದ ನದಿ ನಂಜನಗೂಡಿನ ಶ್ರೀಕಂಠೇಶ್ವರನ ಸನ್ನಿಧಿಯನ್ನೂ ಸುತ್ತೂರನ್ನೂ ದಾಟಿ ಟಿ. ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಕಾಲುವೆ ನೀರಿನಲ್ಲಿ ಭತ್ತ, ಕಬ್ಬು, ಬಾಳೆ ಬೆಳೆಯುತ್ತವೆ. ಟಿ. ನರಸೀಪುರದಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ನೂಲು ತೆಗೆಯುವ ಕಾರ್ಖಾನೆಯಿದೆ, ನಂಜನಗೂಡು ತಾಲ್ಲೂಕಿನ ಅಳಗಂಚಿಯಲ್ಲಿ ಸಕ್ಕರೆ ಕಾರ್ಖಾನೆಯಿದೆ. ಯಾವ ಊರಿನ ಗೂಡು ಎಲ್ಲಿಗೆ, ಯಾವ ಗದ್ದೆಯ ಕಬ್ಬು ಯಾವ ದಿನ ಗಾಣಕ್ಕೆ ಎಂಬ ಪ್ರಶ್ನೆಗಳೆಲ್ಲ ಸಾಗಣೆಯ ಲೆಕ್ಕದ ಜಾತಿಗೆ ಸೇರಿದವು.

ಕವಡೆಯಿಂದ ಶುರು

ಹಳೆಯ ಮೈಸೂರು ಸೀಮೆಯಲ್ಲಿ ಸಂಭವನೀಯತೆಯ ಅತಿ ಪರಿಚಿತ ಉಪಕರಣ ದಾಳವಲ್ಲ, ಕವಡೆ. ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆ ನಡೆಯ ಬಂಧಗಳನ್ನು ರಚಿಸಿದವರು, ಹಲಗೆಯಾಟಗಳನ್ನು ಅರಮನೆಯಲ್ಲಿ ಪೋಷಿಸಿದವರು. ಅದೇ ಸೀಮೆಯ ಜಗಲಿಗಳಲ್ಲಿ ಜನ ಆಡಿದ್ದು ಚೌಕಾಬಾರ. ಸಾಮಾನ್ಯ ರೂಢಿಯಲ್ಲಿ ನಾಲ್ಕು ಕವಡೆ ಎಸೆದಾಗ ಎಷ್ಟು ಬಾಯಿ ಮೇಲಾಗಿ ಬೀಳುತ್ತವೋ ಅಷ್ಟು ಮನೆ ನಡೆ. ನಾಲ್ಕೂ ಮೇಲಾದರೆ ಚೌಕ, ನಾಲ್ಕು ಮನೆ. ನಾಲ್ಕೂ ಬೋರಲಾದರೆ ಬಾರ, ಎಂಟು ಮನೆ. ಚೌಕವೋ ಬಾರವೋ ಬಿದ್ದರೆ ಇನ್ನೊಂದು ಎಸೆತ.

ಪ್ರತಿ ಕವಡೆಯೂ ಮೇಲಾಗಿ ಬೀಳುವ ಸಂಭವನೀಯತೆ 1/2 ಎಂದಿಟ್ಟುಕೊಂಡರೆ ಒಟ್ಟು ಫಲಿತಗಳು 2×2×2×2 = 16. ಒಂದು ಬೀಳುವ ಬಗೆ 4, ಎರಡು ಬೀಳುವ ಬಗೆ 6, ಮೂರು ಬೀಳುವ ಬಗೆ 4, ಚೌಕ 1, ಬಾರ 1. ಹಾಗಾಗಿ ಮರು ಎಸೆತ ಸಿಗುವ ಸಂಭವನೀಯತೆ 2/16, ಎಂದರೆ 1/8. ಒಂದು ಎಸೆತದ ಸರಾಸರಿ ನಡೆ (1×4 + 2×6 + 3×4 + 4×1 + 8×1)/16 = 40/16 = 2.5 ಮನೆ. ಹತ್ತು ಎಸೆತದಲ್ಲಿ ಒಮ್ಮೆಯಾದರೂ ಚೌಕವೋ ಬಾರವೋ ಬೀಳುವ ಸಾಧ್ಯತೆಯನ್ನು ನೇರವಾಗಿ ಎಣಿಸಲು ಹೊರಟರೆ ದಾರಿ ಉದ್ದ. ಒಮ್ಮೆಯೂ ಬೀಳದಿರುವ ಸಾಧ್ಯತೆ (7/8)ರ ಹತ್ತನೇ ಘಾತ, ಸುಮಾರು 0.263. ಅದನ್ನು 1ರಿಂದ ಕಳೆದರೆ 0.737. ಪ್ರಶ್ನೆಯಲ್ಲಿ ‘ಕನಿಷ್ಠ ಒಂದು’ ಎಂಬ ಮಾತು ಕಂಡ ಕೂಡಲೇ ಅದರ ವಿರುದ್ಧ ಘಟನೆಯನ್ನು ಹಿಡಿಯಬೇಕು ಎಂಬ ಪಾಠ ಇಲ್ಲಿ ತಾನಾಗಿ ಬರುತ್ತದೆ.

ಆದರೆ ಕವಡೆ ನಾಣ್ಯವಲ್ಲ. ಒಂದು ಬದಿ ಉಬ್ಬು, ಇನ್ನೊಂದು ಬದಿ ಸೀಳು. ಎರಡೂ ಬದಿಗೆ ಸಮ ಅವಕಾಶ ಎನ್ನಲು ಯಾವ ಆಧಾರವೂ ಇಲ್ಲ. ಕವಡೆ ಸಿಗದೆ ಹುಣಸೆಬೀಜವನ್ನು ಒಂದು ಬದಿ ತೇಯ್ದು ಆಡಿದರೂ ಅಷ್ಟೇ. ಮೇಲಾಗುವ ಸಂಭವನೀಯತೆ 0.6 ಎಂದುಕೊಂಡರೆ ಚೌಕದ್ದು 0.1296ಕ್ಕೆ ಏರುತ್ತದೆ, ಬಾರದ್ದು 0.0256ಕ್ಕೆ ಇಳಿಯುತ್ತದೆ. ಎರಡೂ ಸೇರಿ 0.1552. ಸರಾಸರಿ ನಡೆ ಸುಮಾರು 2.6. ಸಮ ಕವಡೆಯ ಆಟದಲ್ಲಿ ಚೌಕಕ್ಕೂ ಬಾರಕ್ಕೂ ಒಂದೇ ಅವಕಾಶವಿತ್ತು, ಈಗ ಚೌಕದ ಅವಕಾಶ ಬಾರದ ಐದು ಪಟ್ಟು. ತರಗತಿಯಲ್ಲಿ ನಿಜವಾದ ಕವಡೆಯನ್ನು ನೂರಾರು ಬಾರಿ ಎಸೆದು ಆ 0.6 ನಿಜವಾಗಿ ಎಷ್ಟು ಎಂದು ಕಂಡುಕೊಳ್ಳುವುದು ಪಠ್ಯದ ಹತ್ತು ಲೆಕ್ಕಕ್ಕಿಂತ ಹೆಚ್ಚು ಕಲಿಸುತ್ತದೆ. ‘ಸಮಸಂಭವನೀಯ’ ಎಂಬುದು ಊಹೆ, ಅದನ್ನು ಪರೀಕ್ಷಿಸಬೇಕು ಎಂಬುದು ಇಸ್ಪೀಟಿನ ಎಲೆಗಳಿಂದ ಎಂದೂ ತಿಳಿಯುವುದಿಲ್ಲ.

ಹೊಳೆ ಬರುವುದು, ದರ್ಶನವಾಗುವುದು

2018 ಮತ್ತು 2019ರ ಮುಂಗಾರಿನಲ್ಲಿ ವಯನಾಡಿನ ಮಳೆಗೆ ಕಬಿನಿಯ ಹೊರಹರಿವು ಹೆಚ್ಚಿ ನಂಜನಗೂಡಿನ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿತು, ಮಲ್ಲನಮೂಲೆಯ ಬಳಿ ಮೈಸೂರು ರಸ್ತೆ ಮುಳುಗಿತು. ಇಂಥ ಸಂದರ್ಭದಲ್ಲಿ ‘ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ’ ಎಂಬ ಮಾತು ಕೇಳಿಬರುತ್ತದೆ. ಒಮ್ಮೆ ಬಂದರೆ ಇನ್ನು ನೂರು ವರ್ಷ ನಿಶ್ಚಿಂತೆ ಎಂದು ಅದಕ್ಕೆ ಅರ್ಥವಲ್ಲ. ಯಾವುದೇ ಒಂದು ವರ್ಷದಲ್ಲಿ ಅಂಥ ಹೊಳೆ ಬರುವ ಸಂಭವನೀಯತೆ 1/100 ಎಂದಷ್ಟೇ ಅರ್ಥ. ನದಿದಂಡೆಯಲ್ಲಿ ಮನೆ ಕಟ್ಟಿ ಮೂವತ್ತು ವರ್ಷದ ಸಾಲ ಮಾಡಿದವರಿಗೆ ಆ ಅವಧಿಯಲ್ಲಿ ಒಮ್ಮೆಯಾದರೂ ಅದು ಎದುರಾಗುವ ಸಾಧ್ಯತೆ 1ರಿಂದ 0.99ರ ಮೂವತ್ತನೇ ಘಾತವನ್ನು ಕಳೆದಷ್ಟು: ಸುಮಾರು 0.26. ನಾಲ್ಕರಲ್ಲಿ ಒಂದಕ್ಕಿಂತ ತುಸು ಹೆಚ್ಚು.

ಈ ಗುಣಾಕಾರದ ಹಿಂದೆ ಪ್ರತಿ ವರ್ಷವೂ ಸ್ವತಂತ್ರ ಎಂಬ ಊಹೆ ಅಡಗಿದೆ. ಹವಾಮಾನ ಬದಲಾದರೆ 1/100 ಎಂಬ ಅಂಕಿಯೇ ಬದಲಾಗುತ್ತದೆ. ಮೇಲಾಗಿ ನಂಜನಗೂಡಿಗೆ ಬರುವ ನೀರು ಆಕಾಶದಿಂದ ಮಾತ್ರ ನಿರ್ಧಾರವಾಗುವುದಿಲ್ಲ, ಅಣೆಕಟ್ಟೆಯ ಗೇಟಿನಿಂದಲೂ ಆಗುತ್ತದೆ. ಜಲಾಶಯ ಮೊದಲೇ ತುಂಬಿದೆ ಎಂದು ಗೊತ್ತಿದ್ದಾಗ ಪ್ರವಾಹದ ಸಾಧ್ಯತೆ, ಅರ್ಧ ಖಾಲಿಯಿದೆ ಎಂದು ಗೊತ್ತಿದ್ದಾಗಿನ ಸಾಧ್ಯತೆ ಬೇರೆಬೇರೆ. ಷರತ್ತುಬದ್ಧ ಸಂಭವನೀಯತೆ ಎಂದರೆ ಇದೇ.

ಟಿ. ನರಸೀಪುರ ತಾಲ್ಲೂಕಿನ ತಲಕಾಡಿನ ಪಂಚಲಿಂಗ ದರ್ಶನವನ್ನು ಇದರ ಎದುರಿಗಿಟ್ಟು ನೋಡಬೇಕು. ಇತ್ತೀಚಿನ ದಶಕಗಳಲ್ಲಿ ಅದು 2006, 2009, 2013 ಮತ್ತು 2020ರಲ್ಲಿ ನಡೆಯಿತು. ಅಂತರಗಳು 3, 4, 7 ವರ್ಷ. ಅಂಕಿ ಮಾತ್ರ ನೋಡಿದವರು ಸರಾಸರಿ ತೆಗೆದು ಬರುವ ವರ್ಷ ದರ್ಶನವಾಗುವ ಸಾಧ್ಯತೆ ಇಷ್ಟು ಎಂದುಬಿಟ್ಟಾರು. ಅದು ತಪ್ಪು. ಕಾರ್ತಿಕ ಸೋಮವಾರಕ್ಕೆ ನಕ್ಷತ್ರ ಮತ್ತು ಯೋಗ ಕೂಡಿಬರುವ ದಿನವನ್ನು ಪಂಚಾಂಗ ಗಣಿಸಿ ಮೊದಲೇ ಹೇಳಬಹುದು. ಅಂತರ ಏರುಪೇರಾಗಿದೆ ಎಂದ ಮಾತ್ರಕ್ಕೆ ಘಟನೆ ಯಾದೃಚ್ಛಿಕವಲ್ಲ. ಪ್ರವಾಹದ ಪಟ್ಟಿ ಮತ್ತು ದರ್ಶನದ ಪಟ್ಟಿ ಕಾಗದದ ಮೇಲೆ ಒಂದೇ ಥರ ಕಾಣುತ್ತವೆ, ಆದರೆ ಒಂದಕ್ಕೆ ಮಾತ್ರ ಸಂಭವನೀಯತೆಯ ಲೆಕ್ಕ ಸಲ್ಲುತ್ತದೆ.

ರಸಬಾಳೆಯ ಸೊರಗು

ಭೌಗೋಳಿಕ ಸೂಚಿಯ ಮಾನ್ಯತೆ ಪಡೆದಿರುವ ನಂಜನಗೂಡು ರಸಬಾಳೆಯನ್ನು ಕಾಡಿದ್ದು ಪನಾಮಾ ಸೊರಗು ರೋಗ. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವ ಫ್ಯುಸೇರಿಯಂ ಶಿಲೀಂಧ್ರ ಬೇರಿನಿಂದ ಹತ್ತಿ ಗಿಡದ ನೀರಿನ ನಾಳಗಳನ್ನು ಕಟ್ಟಿಹಾಕುತ್ತದೆ. ಸೋಂಕಿದ ಕಂದು ನೆಟ್ಟರೆ ರೋಗ ಹೊಸ ತೋಟಕ್ಕೂ ಹೋಗುತ್ತದೆ.

ಒಂದು ಲೆಕ್ಕ ಕಟ್ಟೋಣ. ಅಂಕಿಗಳು ಉದಾಹರಣೆಗೆ ಮಾತ್ರ. ನೂರು ತೋಟಗಳಲ್ಲಿ ಹತ್ತರ ಮಣ್ಣಿನಲ್ಲಿ ರೋಗವಿದೆ. ಮಣ್ಣು ಪರೀಕ್ಷೆ ರೋಗವಿರುವ ಹತ್ತರಲ್ಲಿ ಒಂಬತ್ತನ್ನು ಹಿಡಿಯುತ್ತದೆ, ಆದರೆ ರೋಗವಿಲ್ಲದ ತೋಟಗಳಲ್ಲೂ ಶೇ. 20ರಷ್ಟಕ್ಕೆ ತಪ್ಪಾಗಿ ‘ಇದೆ’ ಎನ್ನುತ್ತದೆ. ‘ಇದೆ’ ಎಂದು ವರದಿ ಬಂದ ತೋಟದಲ್ಲಿ ನಿಜವಾಗಿ ರೋಗವಿರುವ ಸಾಧ್ಯತೆ ಎಷ್ಟು? ಶೇ. 90 ಎಂದು ಬಹಳ ಜನ ಹೇಳುತ್ತಾರೆ. ಬೇಸ್ ಪ್ರಮೇಯದ ಸೂತ್ರ ನೆನಪಿಲ್ಲದಿದ್ದರೂ ತೋಟಗಳನ್ನು ಎಣಿಸಿದರೆ ಸಾಕು. ರೋಗವಿರುವ 10ರಲ್ಲಿ 9ಕ್ಕೆ, ರೋಗವಿಲ್ಲದ 90ರಲ್ಲಿ 18ಕ್ಕೆ ‘ಇದೆ’ ವರದಿ. ಒಟ್ಟು 27 ವರದಿಗಳಲ್ಲಿ ನಿಜವಾದದ್ದು 9, ಎಂದರೆ ಮೂರರಲ್ಲೊಂದು. ‘ಇಲ್ಲ’ ಎಂಬ ವರದಿ 73 ತೋಟಕ್ಕೆ, ಅದರಲ್ಲಿ ರೋಗವಿರುವುದು ಒಂದೇ. ಸೂತ್ರವನ್ನು ಬಾಯಿಪಾಠ ಮಾಡಿಸುವ ಮೊದಲು ಹೀಗೆ ತಲೆ ಎಣಿಸುವುದನ್ನು ಕಲಿಸಿದರೆ ಛೇದ ಅಂಶಗಳ ಗೊಂದಲ ಅರ್ಧ ಕಡಿಮೆಯಾಗುತ್ತದೆ. ಈ ಮೂರರಲ್ಲೊಂದು ಎಂಬ ಅಂಕಿ ಮುಂದೆ ಬೇಕಾಗುತ್ತದೆ.

ಆರು ಎಕರೆಯ ಲೆಕ್ಕ

ರೇಖಾತ್ಮಕ ಯೋಜನೆ ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ ರೂಪುಗೊಂಡ ವಿದ್ಯೆ. ರಷ್ಯದ ಲಿಯೊನಿದ್ ಕಾಂತೊರೊವಿಚ್ 1939ರಲ್ಲಿ ಉತ್ಪಾದನೆಯ ಯೋಜನೆಗೆ ಇದನ್ನು ಬಳಸಿದ. ಅಮೆರಿಕದ ಜಾರ್ಜ್ ಡಾಂಟ್ಸಿಗ್ 1947ರಲ್ಲಿ ಸಿಂಪ್ಲೆಕ್ಸ್ ವಿಧಾನ ಕೊಟ್ಟ. ಕಾಂತೊರೊವಿಚ್‌ಗೆ ಟ್ಯಾಲಿಂಗ್ ಕೂಪ್‌ಮನ್ಸ್ ಜತೆ 1975ರ ಅರ್ಥಶಾಸ್ತ್ರದ ನೊಬೆಲ್ ಬಂತು. 1984ರಲ್ಲಿ ಭಾರತೀಯ ಗಣಿತಜ್ಞ ನರೇಂದ್ರ ಕರ್ಮಾರ್ಕರ್ ನಿರ್ಬಂಧಗಳಿಗೆ ಒಗ್ಗುವ ಪ್ರದೇಶದ ಒಳಗಿನಿಂದಲೇ ಉತ್ತಮ ಪರಿಹಾರದತ್ತ ಸಾಗುವ ಹೊಸ ದಾರಿ ತೋರಿಸಿದ.

ಕಬಿನಿ ಕಾಲುವೆಯ ಕೆಳಗೆ ಆರು ಎಕರೆ ಇರುವ ಒಂದು ಕುಟುಂಬ ಭತ್ತ ಮತ್ತು ರಸಬಾಳೆ ಬೆಳೆಯಲು ಯೋಚಿಸುತ್ತಿದೆ ಎನ್ನಿ. ಇಲ್ಲಿಯ ಅಂಕಿಗಳೂ ಉದಾಹರಣೆಗಾಗಿ. ಭತ್ತದ ಎಕರೆಗಳು ‘ಕ್ಷ’, ಬಾಳೆಯ ಎಕರೆಗಳು ‘ಯ’. ಎಕರೆಗೆ ಭತ್ತಕ್ಕೆ 30 ಸಾವಿರ, ಬಾಳೆಗೆ 90 ಸಾವಿರ ರೂಪಾಯಿ ಖರ್ಚು. ಕೈಯಲ್ಲಿರುವುದು 3 ಲಕ್ಷ 60 ಸಾವಿರ. ಹಂಗಾಮಿನ ಕಾಲುವೆ ಸರದಿಯಲ್ಲಿ ಸಿಗುವ ನೀರು 16 ಮಾನ, ಭತ್ತ ಎಕರೆಗೆ 3 ಮಾನ ಬೇಡುತ್ತದೆ, ಬಾಳೆ 2 ಮಾನ. ಲಾಭ ಎಕರೆಗೆ ಭತ್ತದಲ್ಲಿ 20 ಸಾವಿರ, ಬಾಳೆಯಲ್ಲಿ 50 ಸಾವಿರ.

ನಿರ್ಬಂಧಗಳು ಹೀಗೆ ಬರುತ್ತವೆ:
ನೆಲ: ಕ್ಷ + ಯ ≤ 6
ಹಣ: 30ಕ್ಷ + 90ಯ ≤ 360, ಎಂದರೆ ಕ್ಷ + 3ಯ ≤ 12
ನೀರು: 3ಕ್ಷ + 2ಯ ≤ 16
ಜತೆಗೆ ಕ್ಷ, ಯ ಎರಡೂ ಸೊನ್ನೆಗಿಂತ ಕಡಿಮೆಯಾಗಕೂಡದು. ಲಾಭ 20ಕ್ಷ + 50ಯ ಗರಿಷ್ಠವಾಗಬೇಕು.

ವಿದ್ಯಾರ್ಥಿಗಳು ಎಡವುವುದು ಹೆಚ್ಚಾಗಿ ಇಲ್ಲೇ, ನಕ್ಷೆ ಬರೆಯುವ ಮುಂಚೆಯೇ. ‘ಕನಿಷ್ಠ ಎರಡು ಎಕರೆ’ ಎಂದಾಗ ಚಿಹ್ನೆ ≥ ಆಗಬೇಕು, ಕನಿಷ್ಠ ಎಂಬ ಪದ ಕಂಡು ≤ ಬರೆಯುವವರು ಬಹಳ. ಎಕರೆಯೂ ಗುಂಟೆಯೂ ಒಂದೇ ಸಾಲಿನಲ್ಲಿ ಬೆರೆತರೆ ಮುಂದಿನ ಹೆಜ್ಜೆಯೆಲ್ಲ ಸರಿಯಿದ್ದೂ ಉತ್ತರ ಕೆಡುತ್ತದೆ.

ಮೂರು ನಿರ್ಬಂಧದ ಗೆರೆಗಳು, ಎರಡು ಅಕ್ಷಗಳು, ಒಟ್ಟು ಐದು ಗೆರೆ. ಎರಡೆರಡು ಕೂಡುವ ಬಿಂದುಗಳು ಎಷ್ಟು? 5×4ನ್ನು 1×2ರಿಂದ ಭಾಗಿಸಿದರೆ 10. ವಿಕಲ್ಪಗಳನ್ನು ಎಣಿಸುವ ಈ ಸಾಮಾನ್ಯ ನಿಯಮವನ್ನು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ಸುಮಾರು ಕ್ರಿ.ಶ. 850ರಲ್ಲಿ ತನ್ನ ಗಣಿತಸಾರಸಂಗ್ರಹದಲ್ಲಿ ಹೇಳಿದ್ದಾನೆ. ಆ ಹತ್ತರಲ್ಲಿ ಎಲ್ಲ ನಿರ್ಬಂಧಗಳಿಗೂ ಒಗ್ಗುವುದು ಐದು ಮಾತ್ರ: ಮೂಲಬಿಂದು, (16/3, 0), (4, 2), (3, 3), (0, 4). ಇವೇ ಸಾಧ್ಯ ಪ್ರದೇಶದ ಮೂಲೆಗಳು. ಗರಿಷ್ಠ ಲಾಭ ಎಂಬುದಿದ್ದರೆ ಅದು ಯಾವುದಾದರೊಂದು ಮೂಲೆಯಲ್ಲಿ ಸಿಕ್ಕೇ ಸಿಗುತ್ತದೆ, ಈ ವಿದ್ಯೆಯ ಅಡಿಪಾಯವೇ ಅದು. ಲಾಭ ಕ್ರಮವಾಗಿ 0, ಸುಮಾರು 107, 180, 210, 200 ಸಾವಿರ. ಮೂರು ಎಕರೆ ಭತ್ತ, ಮೂರು ಎಕರೆ ಬಾಳೆ, ಲಾಭ 2 ಲಕ್ಷ 10 ಸಾವಿರ. ಎಕರೆಗೆ ಹೆಚ್ಚು ಲಾಭ ಕೊಡುವ ಬಾಳೆಯನ್ನೇ ಇರುವ ಹಣದಲ್ಲಿ ಆದಷ್ಟೂ ನೆಟ್ಟರೆ 10 ಸಾವಿರ ಕಡಿಮೆ. ಇಪ್ಪತ್ತು ಬೆಳೆ, ಹತ್ತು ನಿರ್ಬಂಧಗಳಾದರೆ ಪರೀಕ್ಷಿಸಬೇಕಾದ ಜೋಡಣೆಗಳು ಮೂರು ಕೋಟಿ ಮೀರುತ್ತವೆ. ಅವನ್ನೆಲ್ಲ ಎಣಿಸದೆ, ಒಂದು ಮೂಲೆಯಿಂದ ಅದಕ್ಕಿಂತ ಒಳ್ಳೆಯ ಪಕ್ಕದ ಮೂಲೆಗೆ ನಡೆಯುವುದೇ ಸಿಂಪ್ಲೆಕ್ಸ್.

ಪರೀಕ್ಷೆಯ ಉತ್ತರಪತ್ರಿಕೆ ಇಲ್ಲಿಗೆ ಮುಗಿಯುತ್ತದೆ, ಆದರೆ ರೈತನ ಪ್ರಶ್ನೆ ಶುರುವಾಗುವುದೇ ಇಲ್ಲಿಂದ. (3, 3)ರಲ್ಲಿ ನೆಲ ಮುಗಿದಿದೆ, ಹಣ ಮುಗಿದಿದೆ, ನೀರು 15 ಮಾನ ಮಾತ್ರ ಬಳಕೆಯಾಗಿ ಒಂದು ಮಾನ ಉಳಿದಿದೆ. ಪಕ್ಕದ ಹೊಲ ಗುತ್ತಿಗೆಗೆ ಸಿಕ್ಕರೆ ಎಷ್ಟು ಕೊಡಬಹುದು? ಮುಗಿದುಹೋದ ಒಂದು ಸಂಪನ್ಮೂಲ ತುಸು ಹೆಚ್ಚಿದಾಗ ಲಾಭ ಏರುವ ದರಕ್ಕೆ ನೆರಳು ಬೆಲೆ ಎಂದು ಹೆಸರು. ಲೆಕ್ಕ ಹಾಕಿದರೆ ಹೆಚ್ಚುವರಿ ನೆಲದ ನೆರಳು ಬೆಲೆ ಎಕರೆಗೆ 5 ಸಾವಿರ. ಹೆಚ್ಚುವರಿ ಬಂಡವಾಳದ ನೆರಳು ಬೆಲೆ ಸಾವಿರ ರೂಪಾಯಿಗೆ 500. ಹಾಗೆಂದು ಒಂದು ಎಕರೆಗೆ 5 ಸಾವಿರ ಗುತ್ತಿಗೆ ಕೊಟ್ಟರೆ ನಷ್ಟ. ನೆಲ 2/7 ಎಕರೆ, ಎಂದರೆ ಸುಮಾರು 11 ಗುಂಟೆ ಹೆಚ್ಚುವಷ್ಟರಲ್ಲಿ ಉಳಿದಿದ್ದ ಒಂದು ಮಾನ ನೀರೂ ತೀರುತ್ತದೆ. ಆಮೇಲಿನ ನೆಲದಿಂದ ಲಾಭ ಒಂದು ರೂಪಾಯಿಯೂ ಏರದು. ಇಡೀ ಎಕರೆಯಿಂದ ಸಿಗುವ ಹೆಚ್ಚಳ 1,430 ರೂಪಾಯಿಯ ಒಳಗೇ. ನೆರಳು ಬೆಲೆಯನ್ನು ಕಲಿಸುವಾಗ ಅದು ಎಲ್ಲಿಯವರೆಗೆ ಸಲ್ಲುತ್ತದೆ ಎಂಬುದನ್ನೂ ಹೇಳದಿದ್ದರೆ ಅರ್ಧ ಪಾಠ ಮಾತ್ರ ಆದಂತೆ.

ಎರಡು ಲೆಕ್ಕಗಳು ಕೂಡುವಲ್ಲಿ

ಬಾಳೆಯ 50 ಸಾವಿರ ಲಾಭ ರೋಗ ಬಾರದ ವರ್ಷದ ಮಾತು. ಸೊರಗು ಬಂದರೆ ಎಕರೆಗೆ 40 ಸಾವಿರ ನಷ್ಟ ಎನ್ನಿ. ರೋಗದ ಸಂಭವನೀಯತೆ ‘ರ’ ಆದರೆ ಬಾಳೆಯ ನಿರೀಕ್ಷಿತ ಲಾಭ ಎಕರೆಗೆ (50 − 90×ರ) ಸಾವಿರ. ಈ ನಿರೀಕ್ಷಿತ ಲಾಭ 20 ಸಾವಿರಕ್ಕಿಂತ ಮೇಲಿರುವವರೆಗೆ (3, 3) ಮೂಲೆಯೇ ಉತ್ತಮ. ಅದು 20 ಸಾವಿರಕ್ಕೆ ಇಳಿಯುವುದು ‘ರ’ ಸರಿಯಾಗಿ 1/3 ಆದಾಗ. ಅದಕ್ಕೂ ಮೇಲೆ ಹೋದರೆ (4, 2), 11/27 ದಾಟಿದರೆ ಬಾಳೆಯನ್ನೇ ಬಿಟ್ಟು (16/3, 0). ಮಣ್ಣಿನಲ್ಲಿ ರೋಗವಿದ್ದರೆ ಬೆಳೆ ಹೋಯಿತೆಂದೇ ಇಟ್ಟುಕೊಂಡರೆ, ಹಿಂದಿನ ಉದಾಹರಣೆಯಲ್ಲಿ ‘ಇದೆ’ ಎಂದು ವರದಿ ಬಂದ ತೋಟ ಸರಿಯಾಗಿ ಈ ಗಡಿಯ ಮೇಲೆ ನಿಲ್ಲುತ್ತದೆ. ‘ಇಲ್ಲ’ ಎಂದು ವರದಿ ಬಂದವರು ಧೈರ್ಯವಾಗಿ ಮೂರು ಎಕರೆ ನೆಡಬಹುದು. ಪರೀಕ್ಷೆಯ ಬೆಲೆ ಗೊತ್ತಾಗುವುದು ಹೀಗೆ.

‘ರ’ 0.3 ಇದ್ದಾಗ ಇನ್ನೊಂದು ಸಂಗತಿ ಕಾಣುತ್ತದೆ. (3, 3)ರ ನಿರೀಕ್ಷಿತ ಲಾಭ 129 ಸಾವಿರ, (4, 2)ರದ್ದು 126 ಸಾವಿರ. ಪಠ್ಯದ ವಿಧಾನ ಮೊದಲನೆಯದನ್ನೇ ಆರಿಸುತ್ತದೆ. ಆದರೆ ರೋಗ ಬಂದ ವರ್ಷ ಮೊದಲನೆಯದರಲ್ಲಿ 60 ಸಾವಿರ ನಷ್ಟ, ಎರಡನೆಯದರಲ್ಲಿ ನಷ್ಟವೂ ಇಲ್ಲ ಲಾಭವೂ ಇಲ್ಲ. ಸರಾಸರಿಯಲ್ಲಿ 3 ಸಾವಿರ ಬಿಟ್ಟುಕೊಟ್ಟರೆ 60 ಸಾವಿರದ ಸಾಲ ತಪ್ಪುತ್ತದೆ. ಸಾಲಕ್ಕೆ ಬಡ್ಡಿ ಕಟ್ಟುವ ಮನೆಗೆ ಎರಡನೆಯದೇ ಸರಿ ಎಂದು ನಾನು ಖಚಿತವಾಗಿ ಹೇಳುತ್ತೇನೆ. ಬೇರೆಬೇರೆ ಬೆಳೆಯನ್ನು ತುಂಡುತುಂಡಾಗಿ ಹಾಕುವ ಹಿರಿಯರ ರೂಢಿಯನ್ನು ಅಜ್ಞಾನ ಎಂದವರು ನಿರೀಕ್ಷಿತ ಮೌಲ್ಯವನ್ನು ಮಾತ್ರ ನೋಡಿದ್ದರು. ನಷ್ಟಕ್ಕೆ ಮಿತಿ ಹಾಕಬೇಕೆಂದರೆ ಅದನ್ನೂ ಒಂದು ನಿರ್ಬಂಧವಾಗಿ ಬರೆಯಬಹುದು: ಕೆಟ್ಟ ವರ್ಷದಲ್ಲೂ 20ಕ್ಷ − 40ಯ ಸೊನ್ನೆಗಿಂತ ಕಡಿಮೆಯಾಗಕೂಡದು. ಆಗ ನಕ್ಷೆಯಲ್ಲಿ ಹೊಸ ಗೆರೆ ಬರುತ್ತದೆ, (3, 3) ಹೊರಗೆ ಬೀಳುತ್ತದೆ, (4, 2) ತಾನಾಗಿ ಉತ್ತರವಾಗುತ್ತದೆ.

ನೀರಿನ 16 ಮಾನವೂ ಕಲ್ಲಿನಲ್ಲಿ ಬರೆದದ್ದಲ್ಲ. ಕಾವೇರಿ ವಿವಾದದಲ್ಲಿ ಸುಪ್ರೀಂ ಕೋರ್ಟು 2018ರ ಫೆಬ್ರುವರಿಯಲ್ಲಿ ಕರ್ನಾಟಕ ಸಾಮಾನ್ಯ ವರ್ಷದಲ್ಲಿ ಬಿಳಿಗುಂಡ್ಲುವಿನಲ್ಲಿ ಬಿಡಬೇಕಾದ ನೀರನ್ನು 177.25 ಟಿಎಂಸಿ ಅಡಿ ಎಂದು ನಿಗದಿ ಮಾಡಿತು. ಕಬಿನಿಯ ನೀರೂ ಆ ಲೆಕ್ಕದೊಳಗೆ ಬರುತ್ತದೆ. ಅಸಮತೆಯ ಬಲಬದಿಯ ಅಂಕಿಯನ್ನು ಮಳೆ, ಜಲಾಶಯ, ತೀರ್ಪು ಮೂರೂ ಸೇರಿ ಬರೆಯುತ್ತವೆ. ಹಂಗಾಮಿಗೆ ಮುನ್ನ ನೀರು 14 ಮಾನ ಮಾತ್ರ ಎಂದು ತಿಳಿದರೆ, ರೋಗದ ಮಾತನ್ನು ಬದಿಗಿಟ್ಟ ಮೊದಲ ಲೆಕ್ಕದಲ್ಲಿ, ಉತ್ತಮ ಮೂಲೆ (18/7, 22/7)ಕ್ಕೆ ಸರಿಯುತ್ತದೆ. ಭತ್ತ ಸುಮಾರು ಎರಡೂವರೆ ಎಕರೆ, ಬಾಳೆ ಮೂರು ಎಕರೆ ಚಿಲ್ಲರೆ, ಲಾಭ 208 ಸಾವಿರ ಚಿಲ್ಲರೆ. ಎರಡು ಮಾನ ನೀರು ಕಡಿಮೆಯಾದರೂ ಕಳೆದುಕೊಳ್ಳುವುದು ಒಂದೂವರೆ ಸಾವಿರದಷ್ಟು. ಮೂರು ಎಕರೆ ಭತ್ತ ನಾಟಿಯಾದ ಮೇಲೆ ಅದೇ ಸುದ್ದಿ ಬಂದರೆ ಒಂದು ಮಾನ ನೀರು ಕೊರತೆ ಬೀಳುತ್ತದೆ. ಎಕರೆಗೆ ಮೂರು ಮಾನ ಬೇಡುವ ಭತ್ತದಲ್ಲಿ ಎಕರೆಯ ಮೂರನೇ ಒಂದು ಭಾಗ, ಹದಿಮೂರು ಗುಂಟೆಯಷ್ಟು ಪೈರು, ಒಣಗುತ್ತದೆ. ಅದರ ಲಾಭ ಹೋಗುವುದಲ್ಲದೆ ಹಾಕಿದ 10 ಸಾವಿರ ಖರ್ಚೂ ಮಣ್ಣುಪಾಲು.